ಲೇಕ್ ಕೌಂಟಿ ಇನ್ನೂ ಬಂದಿರಲಿಲ್ಲ

ಮೇಷ್ಟ್ರೇ, ನಮಸ್ಕಾರ.

ತಿಪಟೂರಿನಿಂದ ನೀವು ಬರೆದ ನಾಲ್ಕು ಪುಟದ ಪತ್ರ ಸಿಕ್ಕಿತು. ಕಳೆದ ಸಂಚಿಕೆಯಲ್ಲಿ ನಾವು 2008ರ ಅಮೆರಿಕದ ಪ್ರೈಮರಿ (ಅಧ್ಯಕ್ಷ ಸ್ಥಾನದ ಅಭ್ಯರ್ಥಿ ಯಾರೆಂದು ಪಕ್ಷದೊಳಗೇ ತೀರ್ಮಾನಿಸುವ ಚುನಾವಣೆ) ಬಗ್ಗೆ ಬರೆಯುತ್ತಾ, ಇಂಡಿಯಾನಾ ರಾಜ್ಯವನ್ನು ಹಿಲರಿ ಕ್ಲಿಂಟನ್ ಗೆದ್ದರೂ ಒಟ್ಟು ಪೈಪೋಟಿ ಅವರ ಕೈತಪ್ಪಿದ್ದು ಅದೇ ರಾತ್ರಿ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೆವು. ನೀವು ಅಲ್ಲೇ ಹಿಡಿದಿದ್ದೀರಿ. ಗೆದ್ದವರು ಸೋತದ್ದು ಹೇಗೆ? ಸಂಜೆಯಿಂದ ಇದ್ದ ಲೀಡು ಮಧ್ಯರಾತ್ರಿಗೆ ಕರಗಿತು ಅಂದರೆ ಎಲ್ಲೋ ಕೈವಾಡ ಇರಲೇಬೇಕಲ್ವಾ? ನಮ್ಮಲ್ಲಿ ಹೀಗಾಗಿದ್ದರೆ ಸುಮ್ನೆ ಬಿಡ್ತಿದ್ದೆವಾ? ಇಷ್ಟು ನಿಮ್ಮ ಪ್ರಶ್ನೆ. ಒಂದು ಸಾಲಿನಲ್ಲಿ ಮುಗಿಸಿದ್ದು ನಮ್ಮ ತಪ್ಪು, ಈಗ ಬಿಡಿಸಿ ಹೇಳುತ್ತೇನೆ.

ಆ ದಿನ ನನಗೆ ಚೆನ್ನಾಗಿ ನೆನಪಿದೆ. ಅಲ್ಲಿ ಮೇ 6ರ ಮಂಗಳವಾರ ರಾತ್ರಿ, ನಮಗೆ ಬುಧವಾರ ಬೆಳಿಗ್ಗೆ. ಇನ್ನು ಮೂರೇ ದಿನಕ್ಕೆ, ಮೇ 10ಕ್ಕೆ, ನಮ್ಮ ವಿಧಾನಸಭೆಯ ಮೊದಲ ಹಂತದ ಮತದಾನ. ಕಚೇರಿ ತುಂಬ ನಮ್ಮದೇ ಚುನಾವಣೆಯ ಗದ್ದಲ. ನಾನು ಮಾತ್ರ ಮೂಲೆಯ ಕಂಪ್ಯೂಟರಿನಲ್ಲಿ ಇಂಡಿಯಾನಾದ ನಕ್ಷೆ ತೆರೆದು ಕೂತಿದ್ದೆ. ಅಲ್ಲಿ 92 ಕೌಂಟಿಗಳಿವೆ, ಕೌಂಟಿ ಅಂದರೆ ಹೆಚ್ಚುಕಮ್ಮಿ ನಮ್ಮ ಜಿಲ್ಲೆ ಇದ್ದಂತೆ. ಒಂದೊಂದೇ ಕೌಂಟಿ ಬಣ್ಣ ತುಂಬಿಕೊಳ್ಳುತ್ತಾ ಬಂತು. ವಾಯವ್ಯ ಮೂಲೆಯಲ್ಲಿ, ಮಿಶಿಗನ್ ಸರೋವರಕ್ಕೆ ತಾಗಿದ ಒಂದು ಚೌಕ ಮಾತ್ರ ಖಾಲಿ. ಅದು ಲೇಕ್ ಕೌಂಟಿ. ಪುಟವನ್ನು ಎಷ್ಟು ಸಲ ರಿಫ್ರೆಶ್ ಮಾಡಿದರೂ ಖಾಲಿ. ಟೇಬಲ್ ಮೇಲಿದ್ದ ಕಾಫಿ ತಣ್ಣಗಾಗಿ ಕೆನೆ ಕಟ್ಟಿತ್ತು.

ಆ ಚೌಕ ಸಣ್ಣದಲ್ಲ. ಅಲ್ಲಿ ಗ್ಯಾರಿ ಇದೆ, ಉಕ್ಕಿನ ಕಾರ್ಖಾನೆಯ ಊರು, ಮೈಕೆಲ್ ಜಾಕ್ಸನ್ ಹುಟ್ಟಿದ ಊರು. ಕಪ್ಪು ಜನರೇ ಜಾಸ್ತಿ. ಪಕ್ಕದಲ್ಲೇ ಶಿಕಾಗೊ, ಅಂದರೆ ಕ್ಲಿಂಟನ್ ಅವರ ಎದುರಾಳಿ ಬರಾಕ್ ಒಬಾಮ ನೆಲೆಸಿದ್ದ ಊರು. ಇಂಡಿಯಾನಾದಲ್ಲಿ ಎರಡು ಗಡಿಯಾರ ನಡೆಯುತ್ತವೆ. ರಾಜ್ಯದ ಬಹುಭಾಗಕ್ಕಿಂತ ಲೇಕ್ ಕೌಂಟಿ ಒಂದು ಗಂಟೆ ಹಿಂದೆ, ಹಾಗಾಗಿ ಅಲ್ಲಿ ಮತಗಟ್ಟೆ ಮುಚ್ಚುವುದೇ ಒಂದು ಗಂಟೆ ತಡ. ಅದರ ಮೇಲೆ ಮೊದಲೇ ಹಾಕಿದ ಗೈರುಹಾಜರಿ ಮತಗಳೇ ಸುಮಾರು 11,000 ಇದ್ದವು. ಕ್ಲಿಂಟನ್ ಅವರಿಗೆ ಒಲಿದ ಕೌಂಟಿಗಳೆಲ್ಲ ಎಣಿಕೆ ಮುಗಿಸಿ ಕೂತಿದ್ದವು, ಒಬಾಮ ಅವರ ದೊಡ್ಡ ಕೋಟೆಯೊಂದು ಲೆಕ್ಕಕ್ಕೇ ಬಂದಿರಲಿಲ್ಲ. ಸಿಬಿಎಸ್ ಚಾನೆಲ್ ಬೇಗನೇ ಕ್ಲಿಂಟನ್ ಗೆದ್ದರು ಎಂದಿತು. ಉಳಿದವರು ಬಾಯಿ ಬಿಡಲಿಲ್ಲ, ಕಾದರು.

ಈಗ ನಮ್ಮ ಎಣಿಕೆ ಕೇಂದ್ರಕ್ಕೆ ಬನ್ನಿ. ನೀವು ಚುನಾವಣೆ ಕೆಲಸ ಮಾಡಿದವರು, ನಿಮಗೆ ನಾನು ಹೇಳಬೇಕಾಗಿಲ್ಲ, ಆದರೂ ಉಳಿದ ಓದುಗರಿಗಾಗಿ ಹೇಳುತ್ತೇನೆ. ಸಾಮಾನ್ಯವಾಗಿ ಹದಿನಾಲ್ಕು ಟೇಬಲ್, ಮತಗಟ್ಟೆಗಳ ಕ್ರಮಸಂಖ್ಯೆಯ ಪ್ರಕಾರ ಒಂದೊಂದು ಸುತ್ತು. ಜಾಲರಿಯ ಆಚೆ ಏಜೆಂಟರು ಪೆನ್ಸಿಲ್ ಹಿಡಿದು ಕೂತಿರುತ್ತಾರೆ, ತೊಡೆ ಮೇಲೆ ಮಡಚಿದ ಹಾಳೆ, ಅದರಲ್ಲಿ ಬೂತ್‌ವಾರು ಹಾಕಿಕೊಂಡ ಗೆರೆಗಳು. ನಾನು ವರದಿಗಾರನಾಗಿದ್ದಾಗ ಒಮ್ಮೆ ಒಬ್ಬ ವಯಸ್ಸಾದ ಏಜೆಂಟರ ಪಕ್ಕ ನಿಂತಿದ್ದೆ. ಅವರ ಅಭ್ಯರ್ಥಿ ಆರನೇ ಸುತ್ತಿನಲ್ಲಿ ಸಾವಿರಾರು ಮತ ಹಿಂದೆ. ಹೊರಗೆ ಎದುರು ಪಾರ್ಟಿಯವರು ಪಟಾಕಿ ಹೊಡೆಯುತ್ತಿದ್ದರು. ಇವರು ತಲೆ ಎತ್ತಲೇ ಇಲ್ಲ. "ಇದು ಅವರ ಹೋಬಳಿ ಕಣಪ್ಪಾ, ನಮ್ಮದು ಹನ್ನೊಂದರಿಂದ ಶುರು" ಅಂದರು. ಹನ್ನೊಂದನೇ ಸುತ್ತಿನಿಂದ ಅಂತರ ಇಳಿಯುತ್ತಾ ಹೋಯಿತು. ಯಾರೂ ಏನೂ ಕದ್ದಿರಲಿಲ್ಲ. ಮತ ಬಿದ್ದಾಗಿತ್ತು, ಪೆಟ್ಟಿಗೆ ಸೀಲಾಗಿತ್ತು. ತೆರೆದ ಸರದಿ ಮಾತ್ರ ಹಾಗಿತ್ತು.

ಮುನ್ನಡೆ, ಹಿನ್ನಡೆ ಅನ್ನುವ ಮಾತೇ ನಮ್ಮನ್ನು ದಾರಿ ತಪ್ಪಿಸುತ್ತದೆ ಅಂತ ನನಗೆ ಬಲವಾಗಿ ಅನ್ನಿಸುತ್ತದೆ ಮೇಷ್ಟ್ರೇ, ಯಾಕಂದ್ರೆ ಆ ಪದ ಕೇಳಿದರೆ ಇಬ್ಬರು ಮೈದಾನದಲ್ಲಿ ಇನ್ನೂ ಓಡುತ್ತಿದ್ದಾರೆ ಅನ್ನಿಸುತ್ತದೆ, ಆದರೆ ಆ ಹೊತ್ತಿಗೆ ಓಟ ಮುಗಿದು ಗಂಟೆಗಟ್ಟಲೆ ಆಗಿರುತ್ತದೆ. ಯಾರು ಮುಂದಿದ್ದಾರೆ ಅಂತ ಕೇಳಬೇಡಿ. ಯಾವ ಊರಿನದು ಬಾಕಿ ಇದೆ, ಎಷ್ಟು ಬಾಕಿ ಇದೆ ಅಂತ ಕೇಳಿ.

ಇದನ್ನು ನಾನೇ ಆ ದಿನ ಅರ್ಧ ಮರೆತಿದ್ದೆ. ನಮ್ಮ ಎಂಟೂವರೆ ಹೊತ್ತಿಗೆ ಲೇಕ್ ಕೌಂಟಿಯ ಮೊದಲ ಲೆಕ್ಕ ಬಂತು. ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಮತಗಟ್ಟೆಗಳದ್ದು. ಅದರಲ್ಲಿ ಒಬಾಮ ನೂರಕ್ಕೆ ಎಪ್ಪತ್ತೈದರ ಆಸುಪಾಸು! ಇದೇ ಲೆಕ್ಕ ಮುಂದುವರಿದರೆ ಇಂಡಿಯಾನಾ ಒಬಾಮ ಅವರದೇ ಅಂದುಕೊಂಡು ಕುರ್ಚಿಯಿಂದ ಎದ್ದೇಬಿಟ್ಟೆ. ಆದರೆ ಮೊದಲು ಬಂದದ್ದು ಬಹುಪಾಲು ಗ್ಯಾರಿ ಕಡೆಯದು. ಹ್ಯಾಮಂಡ್, ಇತರ ಸಣ್ಣ ಪಟ್ಟಣಗಳು, ಹೊರವಲಯಗಳು ಬಾಕಿ ಇದ್ದವು, ಅಲ್ಲಿ ಕ್ಲಿಂಟನ್ ಬಲವಾಗಿದ್ದರು. ಕೊನೆಗೆ ಇಡೀ ಕೌಂಟಿಯಲ್ಲಿ ಒಬಾಮ ಅವರಿಗೆ ಸಿಕ್ಕಿದ್ದು ನೂರಕ್ಕೆ 56ರಷ್ಟು. ಸಾಲಲಿಲ್ಲ. ನಮ್ಮ ಗಡಿಯಾರದಲ್ಲಿ ಹತ್ತು ದಾಟಿದ ಮೇಲೆ ಉಳಿದ ಚಾನೆಲ್‌ಗಳೂ ಕ್ಲಿಂಟನ್ ಗೆಲುವು ಘೋಷಿಸಿದವು. ಹನ್ನೆರಡೂವರೆ ಲಕ್ಷಕ್ಕೂ ಮೀರಿದ ಮತದಲ್ಲಿ ಅಂತರ ಸುಮಾರು 14,000.

ಕೈವಾಡದ ಮಾತು ಅಲ್ಲೂ ಎದ್ದಿತ್ತು, ನೀವೊಬ್ಬರೇ ಅಲ್ಲ. ಗ್ಯಾರಿಯ ಮೇಯರ್ ರೂಡಿ ಕ್ಲೇ ಒಬಾಮ ಪರ, ಹ್ಯಾಮಂಡಿನ ಮೇಯರ್ ಥಾಮಸ್ ಮ್ಯಾಕ್‌ಡರ್ಮಟ್ ಕ್ಲಿಂಟನ್ ಪರ. ಇಬ್ಬರೂ ಅಂದು ರಾತ್ರಿ ಸಿಎನ್ಎನ್‌ನಲ್ಲಿ ಮಾತಾಡಿದರು, ಇಷ್ಟು ತಡ ಯಾಕೆ ಎಂದು ಹ್ಯಾಮಂಡಿನವರು ಆಕ್ಷೇಪ ಎತ್ತಿದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಎಣಿಸಿದಷ್ಟನ್ನು ಆಗಾಗ ಹೊರಗೆ ಬಿಟ್ಟಿದ್ದರೆ ಯಾರಿಗೂ ಅನುಮಾನ ಬರುತ್ತಿರಲಿಲ್ಲ. ಗಂಟೆಗಟ್ಟಲೆ ಬಾಗಿಲು ಮುಚ್ಚಿಕೊಂಡು ಕೂತರೆ ಒಳಗೆ ಪ್ರಾಮಾಣಿಕವಾಗಿ ಎಣಿಸುತ್ತಿದ್ದರೂ ಹೊರಗಿನವರು ನಂಬುವುದಿಲ್ಲ. ನಮ್ಮಲ್ಲಿ ಮತದಾನ ಮುಗಿದ ತಕ್ಷಣ ಏಜೆಂಟರ ಕೈಗೆ 17ಸಿ ಫಾರಂ ಕೊಡುತ್ತಾರಲ್ಲ, ಈ ಬೂತಿನಲ್ಲಿ ಇಷ್ಟು ಮತ ಬಿದ್ದಿದೆ ಅಂತ, ಅದು ದೊಡ್ಡ ಧೈರ್ಯ. 2004ರಲ್ಲಿ ಸಂತೇಮರಹಳ್ಳಿ ಒಂದೇ ಒಂದು ಮತದಲ್ಲಿ, 2023ರಲ್ಲಿ ಜಯನಗರ 16 ಮತದಲ್ಲಿ ತೀರ್ಮಾನವಾದವು. ಅಂಥ ಕಡೆ ಒಂದೊಂದು ಕಾಗದವೂ ಬೇಕು.

ಇನ್ನು ಗೆದ್ದವರು ಸೋತದ್ದು. ಪ್ರೈಮರಿಯಲ್ಲಿ ನಡೆಯುವುದು ಒಂದೇ ಪಕ್ಷದೊಳಗಿನ ಪೈಪೋಟಿ, ಲೆಕ್ಕಕ್ಕೆ ಬರುವುದು ಅಭ್ಯರ್ಥಿಯನ್ನು ಆರಿಸಲು ಪಕ್ಷದ ಸಮಾವೇಶಕ್ಕೆ ಹೋಗುವ ಪ್ರತಿನಿಧಿಗಳು. ಡೆಮಾಕ್ರಟಿಕ್ ಪಕ್ಷ ಅವರನ್ನು ಮತದ ಪ್ರಮಾಣದಲ್ಲಿ ಹಂಚುತ್ತದೆ. ಇಂಡಿಯಾನಾದ 72ರಲ್ಲಿ ಕ್ಲಿಂಟನ್‌ಗೆ 38, ಒಬಾಮಗೆ 34. ರಾತ್ರಿಯಿಡೀ ಕಾದು ಸಿಕ್ಕ ಲಾಭ ನಾಲ್ಕು. ಅದೇ ದಿನ ನಾರ್ತ್ ಕ್ಯಾರೊಲಿನಾದಲ್ಲೂ ಮತದಾನ ಇತ್ತು. ಅಲ್ಲಿ ಒಬಾಮ ಎರಡು ಲಕ್ಷಕ್ಕೂ ಜಾಸ್ತಿ ಮತದ ಅಂತರದಲ್ಲಿ ಗೆದ್ದು 67 ಪಡೆದರು, ಕ್ಲಿಂಟನ್‌ಗೆ 48. ಅಲ್ಲಿ ಹತ್ತೊಂಬತ್ತು ಹೋಯಿತು, ಇಲ್ಲಿ ನಾಲ್ಕು ಬಂತು. ಮೊದಲೇ ಹಿಂದಿದ್ದ ಕ್ಲಿಂಟನ್‌ಗೆ ಹಿಡಿಯಲಾಗದಷ್ಟು ದೂರವಾಯಿತು. ಜೂನ್ 7ರಂದು ಅವರು ಕಣದಿಂದ ಹಿಂದೆ ಸರಿದರು.

ಪತ್ರದ ಕೊನೆಯಲ್ಲಿ, ರೇಡಿಯೋದಲ್ಲಿ ಫಲಿತಾಂಶ ಕೇಳುತ್ತಾ ರಾತ್ರಿಯೆಲ್ಲ ಗಂಟೆಗೊಮ್ಮೆ ಬರೆದಿಟ್ಟ ನೋಟ್‌ಬುಕ್ಕುಗಳು ಇನ್ನೂ ನಿಮ್ಮ ಹತ್ತಿರ ಇವೆ ಎಂದಿದ್ದೀರಿ. ಅದರಲ್ಲಿ ಎರಡು ಪುಟದ ಜೆರಾಕ್ಸ್ ಕಳಿಸ್ತೀರಾ ಮೇಷ್ಟ್ರೇ? ಹೊಡೆದುಹಾಕಿದ ಅಂಕಿಗಳೂ ಕಾಣುವಂತಿರಲಿ. ಮುಂದಿನ ಸಂಚಿಕೆಯಲ್ಲಿ ಹಾಗೇ ಅಚ್ಚು ಹಾಕುತ್ತೇವೆ.

— ಸಂಪಾದಕ