ಸಹಿ ಹಾಕುವ ಮೊದಲು

ತಂಗೀ,

ಫ್ರಾನ್ಸಿನ ಲಿಯೋನ್‌ನಲ್ಲಿ ಮಗಳು ಕುಂಕುಮ ಇಟ್ಟುಕೊಂಡು ಶಾಲೆಗೆ ಹೋಗಬಹುದಾ, ನಿಮ್ಮ ಮದುವೆ ಅಲ್ಲಿ ಲೆಕ್ಕಕ್ಕೆ ಬರುತ್ತಾ, ಧರ್ಮದ ವಿಷಯದಲ್ಲಿ ಅಲ್ಲಿಯ ಕಾನೂನು ನಮ್ಮ ಹಾಗೇ ಇದೆಯಾ ಅಂತ ಕೇಳಿದ್ದೀಯ. ಕೊನೆಗೆ, ಕೊಯ್ಲು ಮುಗಿದ ಮೇಲೆ ಮಾವನವರನ್ನು ಮೂರು ತಿಂಗಳು ಕರೆಸಿಕೊಳ್ಳುತ್ತೀವಿ ಅಂತ ಒಂದು ಸಾಲು. ನನ್ನ ಮನಸ್ಸು ಅಲ್ಲೇ ನಿಂತುಬಿಟ್ಟಿತು.

2003ರಲ್ಲಿ ದಕ್ಷಿಣ ಜರ್ಮನಿಗೆ ಬಂದ ವಾರ ವಿಳಾಸ ನೋಂದಾಯಿಸಲು ಹೋದರೆ, ಅರ್ಜಿಯಲ್ಲಿ ಧರ್ಮ ಯಾವುದು ಅಂತ ಒಂದು ಕಾಲಂ. ಎದೆ ಧಸಕ್ಕೆಂದಿತು. ಅದು ಚರ್ಚ್ ತೆರಿಗೆಗಂತೆ. ಚರ್ಚಿನ ಸದಸ್ಯರ ಆದಾಯ ತೆರಿಗೆಯ ಮೇಲೆ ಶೇ. 8 ಸೇರಿಸಿ ಸರ್ಕಾರವೇ ವಸೂಲಿ ಮಾಡಿಕೊಡುತ್ತದೆ. ನಮಗೆ ಅದಿಲ್ಲ. ಫ್ರಾನ್ಸ್ ಇದಕ್ಕೆ ತದ್ವಿರುದ್ಧ. 1905ರ ಕಾನೂನಿನಲ್ಲೇ ಸರ್ಕಾರ ಬೇರೆ, ಧರ್ಮ ಬೇರೆ ಅಂತ ಕಡಿದು ಹಾಕಿದ್ದಾರೆ.

ಅಲ್ಲಿ 2004ರ ಮಾರ್ಚ್ 15ರ ಕಾನೂನಿನ ಪ್ರಕಾರ ಸರ್ಕಾರಿ ಶಾಲೆಯ ಮಕ್ಕಳು ಧರ್ಮ ಎದ್ದು ಕಾಣುವ ಗುರುತು ಹಾಕುವಂತಿಲ್ಲ. ತಲೆವಸ್ತ್ರ, ಸಿಖ್ಖರ ಪೇಟ, ದೊಡ್ಡ ಶಿಲುಬೆ ಎಲ್ಲಕ್ಕೂ ಒಂದೇ. ಕುಂಕುಮದ ಬಗ್ಗೆ ಶಾಲೆಯವರನ್ನೇ ಕೇಳು. 2022ರಲ್ಲಿ ಅದೇ ಮಾರ್ಚ್ 15ಕ್ಕೆ ನಮ್ಮ ಹೈಕೋರ್ಟಿನ ಹಿಜಾಬ್ ತೀರ್ಪು ಬಂತು. ಶಿವಮೊಗ್ಗದಲ್ಲೂ ಕಾಲೇಜು ಮುಚ್ಚಿದ್ದ ಆ ದಿನಗಳು ನಿನಗೆ ನೆನಪಿರಬೇಕು. ಸುಪ್ರೀಂ ಕೋರ್ಟಿನ 1954ರ ಶಿರೂರು ಮಠದ ಕೇಸಿನಿಂದ ಬಂದ ದಾರಿ ಹಿಡಿದು, ಇದು ಆ ಧರ್ಮಕ್ಕೆ ಅತ್ಯಗತ್ಯವೇ ಅಂತ ನಮ್ಮ ಕೋರ್ಟು ಕೇಳಿತು. ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ಅಭಿಪ್ರಾಯ ಕೊಟ್ಟರು. ಫ್ರೆಂಚರು ಗ್ರಂಥ ಬಿಡಿಸುವುದೇ ಇಲ್ಲ. ಇಲ್ಲಿ ಜರ್ಮನಿಯಲ್ಲಿ 2015ರಲ್ಲಿ ಶಿಕ್ಷಕಿಯರ ತಲೆವಸ್ತ್ರದ ಮಾತು ಬಂದಾಗ, ಗಲಾಟೆಯಾದೀತೆಂಬ ಊಹೆ ಸಾಲದು, ನಿಜವಾದ ಅಪಾಯ ತೋರಿಸಿ ಅಂದಿತು ಸಂವಿಧಾನ ನ್ಯಾಯಾಲಯ. ನನಗೆ ಇದೇ ಸರಿ ಅನ್ನಿಸುತ್ತದೆ. ಯಾವುದು ಶಾಸ್ತ್ರ ಅಂತ ನ್ಯಾಯಾಧೀಶರು ಹೇಳಬೇಕಾಗಿ ಬರಬಾರದು.

ಮದುವೆ ರಿಜಿಸ್ಟರ್ ಆಗಿದೆಯಲ್ಲ, ಸರ್ಟಿಫಿಕೇಟಿಗೆ ಅಪಾಸ್ಟಿಲ್, ಅಂದರೆ ಹೊರದೇಶದವರು ಒಪ್ಪುವಂತೆ ಹಾಕುವ ಸರ್ಕಾರಿ ಮುದ್ರೆ, ಮಾಡಿಸಿಕೊ.

ಈಗ ಮಾವನವರ ವಿಷಯ. 2011ರಲ್ಲಿ ನಮ್ಮಪ್ಪ ತೀರ್ಥಹಳ್ಳಿಯಿಂದ ಬಂದಿದ್ದರು. ಅವರೂ ಅಡಿಕೆ ಕೊಯ್ಲು ಮುಗಿಸಿಯೇ ಹೊರಟವರು, ಅಪ್ಪೆಮಿಡಿ ಜಾಡಿಗೆ ಎರಡು ಸುತ್ತು ಬಟ್ಟೆ ಕಟ್ಟಿಕೊಂಡು. ಏಳನೇ ವಾರ ಹೃದಯಾಘಾತವಾಗಿ ಹೋಗಿಬಿಟ್ಟರು. ದಹನಕ್ಕೇ ಎಂಟು ದಿನ ಕಾದೆವು. ಅಂತ್ಯಕ್ರಿಯೆ ನಡೆಸುವವರು ಕಾಗದ ಮುಂದಿಟ್ಟು ಸಹಿ ಹಾಕಿ ಅಂದರು. ಹಾಕಿದೆ. ಬೂದಿ ನನ್ನ ಕೈಗೆ ಬರುತ್ತದೆ, ತುಂಗೆಗೆ ಒಯ್ಯುತ್ತೇನೆ ಅಂದುಕೊಂಡಿದ್ದೆ. ಇಲ್ಲಿ ಬೂದಿಯನ್ನೂ ಸ್ಮಶಾನದಲ್ಲೇ ಹೂಳಬೇಕು. ಹೊರದೇಶಕ್ಕೆ ಒಯ್ಯಲು ದಾರಿಯಿದೆ, ಆದರೆ ಮೊದಲೇ ಹೇಳಿ ಕಾಗದ ಮಾಡಿಸಬೇಕು. ನಾನು ಸಹಿ ಹಾಕಿದ್ದು ಇಲ್ಲಿನ ಸ್ಮಶಾನದ ಜಾಗಕ್ಕೆ.

ಕಪ್ಪು ಡಬ್ಬಿ. ಮುಚ್ಚಳದ ಮೇಲೆ ಒತ್ತಿದ ಅಪ್ಪನ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿತ್ತು. ತಿದ್ದಿಸಲು ಬಾಯಿ ಬರಲಿಲ್ಲ.

ಆಮೇಲೆ ತೆಗೆದುಕೊಡಿ ಅಂತ ಅರ್ಜಿ ಹಾಕಿದರೆ, ಸತ್ತವರ ಶಾಂತಿ ಕದಡಬಾರದು ಅಂತ ತಿರಸ್ಕರಿಸಿದರು. ಅವರ ಮಟ್ಟಿಗೆ ಅದು ಗೌರವವೇ, ಈಗ ಅರ್ಥವಾಗುತ್ತದೆ. ಆದರೆ ಹೊಳೆ ಸೇರದೆ ನಮ್ಮವರಿಗೆ ಶಾಂತಿ ಎಲ್ಲಿಯದು? ಊರಲ್ಲಿ ನನ್ನ ತಮ್ಮ, ಅಸ್ಥಿಯಿಲ್ಲದೆಯೇ ಕ್ರಿಯೆ ಮುಗಿಸಿದ. ಅಮ್ಮ ಇರುವವರೆಗೂ ಆ ಮಾತು ಎತ್ತಲಿಲ್ಲ. ಎತ್ತಿ ಬೈದಿದ್ದರೆ ಚೆನ್ನಾಗಿತ್ತು.

ಫ್ರಾನ್ಸ್‌ನಲ್ಲಿ 2008ರ ಕಾನೂನಿನಿಂದ ಬೂದಿಯನ್ನು ಮನೆಯಲ್ಲಿ ಇಡುವಂತಿಲ್ಲ, ಪಾಲು ಮಾಡುವಂತಿಲ್ಲ. ಇಂಗ್ಲೆಂಡಿನಲ್ಲಿ ಕೈಗೇ ಕೊಡುತ್ತಾರೆ. ಮಾವನವರಿಗೆ ವಿಮೆ ಮಾಡಿಸುವಾಗ ದೇಹವನ್ನು ಊರಿಗೆ ಕಳಿಸುವ ಖರ್ಚು ಸೇರಿದೆಯಾ ನೋಡು. ಏನಾದರೂ ಆದರೆ ಏನು ಮಾಡಬೇಕು ಅಂತ ಅವರ ಬಾಯಿಂದಲೇ ಕೇಳಿ ಬರೆಸಿಟ್ಟುಕೊ. ಅಪಶಕುನ ಅಂತ ಅತ್ತೆ ಬೇಸರ ಮಾಡಿಕೊಂಡಾರು. ಮಾಡಿಕೊಳ್ಳಲಿ.

ಅಪ್ಪನ ಜಾಗಕ್ಕೆ ಕೊಟ್ಟ 15 ವರ್ಷದ ಅವಧಿ ಮುಗಿಯುತ್ತಾ ಬಂತು. ಹೊಸ ಅರ್ಜಿ ಬರೆದಿದ್ದೇನೆ. ಈ ಸಲ ಹೆಸರಿನ ಅಕ್ಷರ ನಾನೇ ಎರಡು ಸಲ ನೋಡಿದೆ.