ಡ್ರಿಲ್ ಯಾವುದಾದರೂ ಆದೀತು, ಗೋಡೆ ಯಾವುದು?

ಕಾರವಾರದ ಹಳೆಯ ಮನೆಯಲ್ಲಿ ಗೀಸರ್, ಪುಸ್ತಕದ ಹಲಗೆ ಎಲ್ಲವನ್ನೂ ನೀವೇ ಕೂರಿಸಲು ಹೊರಟಿದ್ದೀರಿ. 13 ಎಂಎಂ ಇಂಪ್ಯಾಕ್ಟ್ ಡ್ರಿಲ್ ಕೊಳ್ಳಲೋ ಬ್ಯಾಟರಿಯದ್ದನ್ನೋ, ಎಷ್ಟು ವಾಟ್ ಇರಬೇಕು ಎಂದು ಕೇಳಿದ್ದೀರಿ. ಆರು ವರ್ಷದ ಹಿಂದೆ ಇದೇ ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡು ನಾನು ಹದಿನೈದು ರಾತ್ರಿ ನಿದ್ದೆಗೆಟ್ಟಿದ್ದೆ. ಯಾವ ಯಂತ್ರಕ್ಕೆ ಎಷ್ಟು ವಾಟ್, ಎಷ್ಟು ವೇಗ ಎಂಬುದೆಲ್ಲ ಮಗ್ಗಿಯ ಹಾಗೆ ಬಾಯಿಗೆ ಬರುತ್ತಿತ್ತು. ತೂತು ಕೊರೆಯಬೇಕಾದ ಗೋಡೆ ಎಂಥದ್ದು ಎಂದು ಮಾತ್ರ ಒಂದು ಗಳಿಗೆಯೂ ಯೋಚಿಸಿರಲಿಲ್ಲ. ನಿಮ್ಮ ಪ್ರಶ್ನೆಯಲ್ಲಿಯೂ ಗೋಡೆಯ ಸುದ್ದಿಯೇ ಇಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಮ್ಮದು ಕುಮಟಾದಿಂದ ಒಳಕ್ಕೆ, ಅಜ್ಜ ಕಟ್ಟಿಸಿದ ಚಿರೆಕಲ್ಲಿನ, ಅಂದರೆ ಕೆಂಪು ಮುರಕಲ್ಲಿನ ಮನೆ. ಕಲ್ಲಿಗೂ ಕಲ್ಲಿಗೂ ನಡುವೆ ಮಣ್ಣಿನ ಗಾರೆ, ಮೇಲೆ ಹಂಚು. ಆಮೇಲೆ ಅಪ್ಪ ಒಳಗೋಡೆಗೆಲ್ಲ ಸಿಮೆಂಟ್ ಗಿಲಾವು ಮಾಡಿಸಿ ಸುಣ್ಣದ ಬದಲು ಪೇಂಟ್ ಹೊಡೆಸಿದ್ದರು. ಹಾಗಾಗಿ ಕಣ್ಣಿಗೆ ಅದು ಪೇಟೆಯ ಯಾವ ಮನೆಯ ಗೋಡೆಗೂ ಕಡಿಮೆಯಿರಲಿಲ್ಲ. ಮೋಸ ಹೋದದ್ದು ಅಲ್ಲಿಂದಲೇ. ಬಚ್ಚಲಲ್ಲಿ ಹಂಡೆ, ಅದರ ಕೆಳಗೆ ಅಡಿಕೆ ಹಾಳೆ, ತೆಂಗಿನ ಸಿಪ್ಪೆಯ ಬೆಂಕಿ. ಆಯಿಗೆ ಮಂಡಿನೋವು, ಬಗ್ಗಿ ಒಲೆ ಊದುವುದು ಸಾಕಾಗಿತ್ತು. ಬೆಂಗಳೂರಿನ ನೌಕರಿಯಿಂದ ಊರಿಗೆ ಮರಳಿ ಮನೆಯಿಂದಲೇ ಕೆಲಸ ಮಾಡತೊಡಗಿದ್ದ ಮಗ ಒಂದು ಗೀಸರನ್ನಾದರೂ ಹಾಕಿಕೊಡಬೇಡವೇ? 25 ಲೀಟರಿನದ್ದು ತಂದೆ. ಕೂರಿಸಲು ಬರುತ್ತೇನೆಂದ ಕಂಪನಿಯ ಹುಡುಗನನ್ನು ಬೇಡವೆಂದು ಕಳಿಸಿದೆ. ಡ್ರಿಲ್ ಇತ್ತಲ್ಲ ಕೈಯಲ್ಲಿ.

600 ವಾಟ್‌ನ ಇಂಪ್ಯಾಕ್ಟ್ ಡ್ರಿಲ್. ಅದರ ನೆತ್ತಿಯ ಮೇಲೆ ಅತ್ತಿತ್ತ ಜರುಗುವ ಸಣ್ಣ ಗುಂಡಿ ಇರುತ್ತದೆ. ಒಂದು ಬದಿಗೆ ಕೊರೆಯುವ ಮೊನೆಯಾದ ಬಿಟ್‌ನ ಚಿತ್ರ, ಇನ್ನೊಂದು ಬದಿಗೆ ಸುತ್ತಿಗೆಯ ಚಿತ್ರ. ವಿಡಿಯೋಗಳೆಲ್ಲ ಹೇಳುತ್ತಿದ್ದದ್ದು ಒಂದೇ ಮಾತು: ಮರಕ್ಕೆ ಬಿಟ್, ಗೋಡೆಗೆ ಸುತ್ತಿಗೆ. ನಾನು ಗುಂಡಿಯನ್ನು ಸುತ್ತಿಗೆಯ ಕಡೆಗೆ ತಳ್ಳಿದೆ.

ನನ್ನ ತಪ್ಪು ಇಷ್ಟೇ. ಇದನ್ನು ಬಿಡಿಸಿ ಹೇಳದೆ ನಾನು ಮುಂದೆ ಹೋಗುವುದಿಲ್ಲ, ನೀವು ಬೇಸರಪಟ್ಟರೂ ಸರಿ.

ಸುತ್ತಿಗೆಯ ಕಡೆಗೆ ಗುಂಡಿ ತಳ್ಳಿದಾಗ ಯಂತ್ರದೊಳಗೆ ಹಲ್ಲುಹಲ್ಲಾದ ಎರಡು ಬಿಲ್ಲೆಗಳು ಒಂದರ ಮೇಲೊಂದು ಉಜ್ಜಿಕೊಳ್ಳತೊಡಗುತ್ತವೆ. ಪ್ರತಿ ಹಲ್ಲು ಹಾರಿದಾಗಲೂ ಬಿಟ್‌ಗೆ ಒಂದು ಕುಟುಕು. ಬಿಟ್ ನಿಮಿಷಕ್ಕೆ ಮೂರು ಸಾವಿರ ಸುತ್ತು ತಿರುಗಿದರೆ ಕುಟುಕುಗಳ ಲೆಕ್ಕ ನಲವತ್ತು ಸಾವಿರ ದಾಟುತ್ತದೆ. ಕಾಂಕ್ರೀಟಿಗೆ ಇದು ಬೇಕು. ಅದರೊಳಗಿನ ಜಲ್ಲಿ ಬರಿಯ ತಿರುಗಾಟಕ್ಕೆ ಜಗ್ಗುವುದಿಲ್ಲ, ಕುಟ್ಟಿ ಪುಡಿ ಮಾಡಬೇಕು. ಚಿರೆಕಲ್ಲು ಹಾಗಲ್ಲ. ಗಣಿಯಿಂದ ತೆಗೆಯುವಾಗ ಕೊಡಲಿಗೆ ಸಿಗುವಷ್ಟು ಮೆತ್ತಗೆ, ಗಾಳಿಗೆ ಒಡ್ಡಿಕೊಂಡ ಮೇಲೆ ಗಟ್ಟಿ. ಆದರೆ ಗಟ್ಟಿಯಾಗುವುದು ಹೆಚ್ಚಾಗಿ ಮೈಮೇಲೆ. ಒಳಗೆಲ್ಲ ಜೇನುಗೂಡಿನ ಹಾಗೆ ತೂತು, ತೂತಿನೊಳಗೆ ಮೆದು ಮಣ್ಣು, ನಡುನಡುವೆ ಕಬ್ಬಿಣದಂಥ ಹರಳು. 1800ರ ಹೊತ್ತಿಗೆ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಇದನ್ನು ನೋಡಿ, 1807ರಲ್ಲಿ ಅಚ್ಚಾದ ತನ್ನ ಬರಹದಲ್ಲಿ ಲ್ಯಾಟರೈಟ್ ಎಂಬ ಹೆಸರಿಟ್ಟ. ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಬಂದದ್ದು. ಕುದುರೆ, ಪಲ್ಲಕ್ಕಿಗಳ ಕಾಲದಲ್ಲಿ ದಾರಿಹೋಕನೊಬ್ಬನಿಗೆ ತಿಳಿದ ಕಲ್ಲಿನ ಗುಣ ಅದೇ ಕಲ್ಲಿನ ಮನೆಯಲ್ಲಿ ಹುಟ್ಟಿ ಬೆಳೆದ ನನಗೆ ತಿಳಿದಿರಲಿಲ್ಲ.

ಇಂಥ ಕಲ್ಲಿಗೆ ನಿಮಿಷಕ್ಕೆ ನಲವತ್ತು ಸಾವಿರ ಪೆಟ್ಟು ಬಿದ್ದರೆ ಆಗುವುದೇನು? ತೂತಿನ ಸುತ್ತಲಿನ ಗೋಡೆ ಒಳಗೊಳಗೇ ಸಡಿಲವಾಗಿ ಉದುರುತ್ತದೆ. ಹೊರಗಿನಿಂದ 12 ಎಂಎಂ ತೂತು, ಒಳಗೆ ಹೆಬ್ಬೆರಳು ತಿರುಗುವಷ್ಟು ಪೊಟರೆ.

ಗೋಡೆ ನನಗೆ ಹೇಳಿರಲಿಲ್ಲವೆಂದಲ್ಲ. ಮೊದಲು ಬೂದು ಬಣ್ಣದ ಪುಡಿ ಉದುರಿತು, ಅದು ಗಿಲಾವು. ಅರ್ಧ ಇಂಚು ದಾಟಿ ಇನ್ನಷ್ಟು ಒಳಗೆ ಹೋಗುತ್ತಿದ್ದಂತೆ ಯಂತ್ರದ ಕಿರುಚಾಟ ಥಟ್ಟನೆ ತಗ್ಗಿ, ಬಿಟ್ ಬುಸಕ್ಕನೆ ಒಳಗೆ ಜಾರಿತು. ಆಮೇಲೆ ಕುಂಕುಮದಂಥ ಕೆಂಪು ಪುಡಿ. ಬಚ್ಚಲಿನ ಒದ್ದೆ ನೆಲದ ಮೇಲೆ ಬಿದ್ದು ಅದು ರಾಡಿಯಾಗಿ ಹರಿಯಿತು. “ಎಷ್ಟು ಸಲೀಸಾಗಿ ಹೋಯಿತು ನೋಡು ಆಯಿ” ಎಂದು ಬೀಗಿದೆ. ಗೋಡೆಯಲ್ಲಿ ತೂತು ಸಲೀಸಾಗಿ ಆಯಿತೆಂದರೆ ಅಲ್ಲಿ ಹಾಕಿದ್ದು ಅಷ್ಟೇ ಸಲೀಸಾಗಿ ಹೊರಗೆ ಬರುತ್ತದೆ ಎಂದು ಹೊಳೆಯಲಿಲ್ಲ. ಗೀಸರಿನ ಪೆಟ್ಟಿಗೆಯಲ್ಲಿ ಬಂದಿದ್ದ ಆ್ಯಂಕರ್ ಬೋಲ್ಟ್ ಹಾಕಿ ಸ್ಪ್ಯಾನರ್ ತಿರುಗಿಸಿದರೆ ನಟ್ಟಿನ ಜೊತೆ ಬೋಲ್ಟೂ ತಿರುಗಿತು. ಆ ಬೋಲ್ಟಿನ ಮರ್ಮವೇ ಬಿಗಿದಷ್ಟೂ ಹೊಟ್ಟೆ ಹಿಗ್ಗಿಸಿ ಗೋಡೆಯನ್ನು ಒತ್ತಿ ನಿಲ್ಲುವುದು. ಒತ್ತಿದಷ್ಟೂ ಹಿಂದೆ ಸರಿಯುವ ಕಲ್ಲಿನಲ್ಲಿ ಅದಕ್ಕೆ ನೆಲೆ ಎಲ್ಲಿ? ನಾನು ಬೆಂಕಿಕಡ್ಡಿಗಳನ್ನು ಮುರಿದು ತುರುಕಿದೆ, ಸಿಮೆಂಟ್ ಕಲಸಿ ಮೆತ್ತಿದೆ, ಮರುದಿನ ಮತ್ತೆ ಬಿಗಿದೆ. ಈ ಸಲ ಬಿಗಿಯಾಯಿತು. ಕೈಯಲ್ಲಿ ಜಗ್ಗಿ ನೋಡಿದೆ, ಅಲ್ಲಾಡಲಿಲ್ಲ. ಖಾಲಿ ಗೀಸರನ್ನು ಜಗ್ಗಿ ನೋಡಿದ ಜಾಣ ನಾನು. ನೀರು ತುಂಬಿದರೆ ನೀರೇ 25 ಕಿಲೋ, ಮೇಲೆ ಡಬ್ಬದ ತೂಕ ಬೇರೆ.

ಹನ್ನೊಂದು ದಿನ ನಿಂತಿತು. ಆಷಾಢದ ಮಳೆ, ಬೆಳಗಿನ ಐದೂವರೆ. ಹಂಚಿನ ಮೇಲೆ ತೆಂಗಿನಮರ ಬಿದ್ದಂಥ ಸದ್ದಾಯಿತು. ಓಡಿ ಹೋಗಿ ನೋಡಿದರೆ ಗೀಸರ್ ಮಗುಚಿ ಬಿದ್ದಿದೆ, ಕೈತೊಳೆಯುವ ಬೇಸಿನ್ ಎರಡು ಹೋಳು, ಮುರಿದ ಪೈಪಿನಿಂದ ನೀರು ಚಿಮ್ಮುತ್ತಿದೆ, ವೈರ್ ಆ ನೀರಿನಲ್ಲೇ ಜೋತಾಡುತ್ತಿದೆ. ಮೇನ್ ಸ್ವಿಚ್ ತೆಗೆದ ಮೇಲೂ ನನ್ನ ಕೈನಡುಕ ನಿಲ್ಲಲಿಲ್ಲ. ಗೋಡೆಯಲ್ಲಿ ಬೋಲ್ಟ್ ಇದ್ದಲ್ಲಿ ಬುಟ್ಟಿಯಷ್ಟು ಗಿಲಾವು ಕಳಚಿ, ಒಳಗಿನ ಕೆಂಪು ಕಲ್ಲು ಕಾಣುತ್ತಿತ್ತು. ಅದರಲ್ಲೊಂದು ಬೆಂಕಿಕಡ್ಡಿ, ತಲೆಯ ಮದ್ದು ಸಹಿತ. ಆಯಿ ಸ್ನಾನಕ್ಕೆ ಹೋಗುವುದು ಆರು ಗಂಟೆಗೆ.

ಅಪ್ಪ ಒಂದು ಮಾತೂ ಆಡಲಿಲ್ಲ. ಹೋಗಿ ಹಂಡೆಯ ಒಲೆ ಹಚ್ಚಿದರು. ಬೈದಿದ್ದರೆ ಚೆನ್ನಾಗಿತ್ತು.

ರಿಪೇರಿಗೆ ಬಂದ ಗಾರೆ ಮೇಸ್ತ್ರಿ ಆ ತೂತಿಗೆ ಬೆರಳು ಹಾಕಿ ತಿರುವಿ, ಅಂಗೈ ತುಂಬ ಪುಡಿ ತೆಗೆದು ತೋರಿಸಿದರು. “ತಮಾ, ಇದು ತೂತಲ್ಲ. ಕಲ್ಲನ್ನು ಹಿಟ್ಟು ಮಾಡಿ ಆ ಹಿಟ್ಟಿಗೆ ಬೋಲ್ಟ್ ನೆಟ್ಟಿದ್ದೀಯ.” ಆಮೇಲೆ ಅವರು ಕೇಳಿದ್ದು ನನ್ನದೇ ಡ್ರಿಲ್ಲನ್ನು! ಗುಂಡಿಯನ್ನು ಬಿಟ್ ಚಿತ್ರದ ಕಡೆಗೆ ಸರಿಸಿದರು. ಗಿಲಾವನ್ನು ಅಲ್ಲಲ್ಲಿ ಕೆರೆದು ಕಲ್ಲಿನ ಸಂದು ಎಲ್ಲಿದೆ ಎಂದು ನೋಡಿ, ಕಲ್ಲಿನ ನಟ್ಟನಡುವೆ ಗುರುತು ಹಾಕಿದರು. ಸಂದಿನಲ್ಲಿರುವುದು ಬರೀ ಮಣ್ಣು. ನನ್ನ ಒಂದು ತೂತು ಸರಿಯಾಗಿ ಸಂದಿಗೇ ಬಿದ್ದಿತ್ತು ಎಂಬುದು ಆಗ ಗೊತ್ತಾಯಿತು. ಮೊದಲು 6 ಎಂಎಂ ಬಿಟ್, ಆಮೇಲೆ ಉದ್ದನೆಯ 12 ಎಂಎಂ, ಡ್ರಿಲ್ಲಿನ ಸ್ವಿಚ್ಚನ್ನು ಅರ್ಧವೇ ಒತ್ತಿ ನಿಧಾನಕ್ಕೆ ತಿರುಗಿಸುತ್ತ ಗೋಡೆಯ ಆಚೆಗೇ ಹಾಯಿಸಿಬಿಟ್ಟರು. ಈಚೆಯಿಂದ ಆಚೆಗೆ ಮೈತುಂಬ ಸ್ಕ್ರೂ ಗೆರೆಯಿರುವ ಥ್ರೆಡ್ ರಾಡ್, ಹೊರಗೋಡೆಗೆ ಅಂಗೈಯಗಲದ ಕಬ್ಬಿಣದ ಪಟ್ಟಿ, ನಟ್ಟು. ಭಾರ ಈಗ ತೂತಿನ ಮೇಲಲ್ಲ, ಇಡೀ ಗೋಡೆಯ ಮೇಲೆ. ನಮ್ಮ ಜಗುಲಿಯ ಗೋಡೆಯಲ್ಲಿ ಅಜ್ಜನ ಕಾಲದ ಮರದ ಗೂಟಗಳಿವೆ, ಬಾಳೆಗೊನೆ ತೂಗುಹಾಕಿದರೂ ಜಪ್ಪಯ್ಯ ಎನ್ನುವುದಿಲ್ಲ. ಅವನ್ನು ಗೋಡೆ ಕಟ್ಟುವಾಗಲೇ ಕಲ್ಲಿನ ನಡುವೆ ಆಳಕ್ಕೆ ಇಟ್ಟು ಕಟ್ಟಿದ್ದು. ದಿನಕ್ಕೆ ನಾಲ್ಕು ಸಲ ಅದಕ್ಕೇ ಟವೆಲ್ ಹಾಕುತ್ತಿದ್ದೆ, ನೋಡಿರಲಿಲ್ಲ.

ಬೇಸಿನ್, ಪೈಪು, ಗಿಲಾವು, ಮಜೂರಿ, ಹೊಸ ಗೀಸರ್ ಎಲ್ಲ ಸೇರಿ ಹತ್ತೊಂಬತ್ತು ಸಾವಿರ ಚಿಲ್ಲರೆ ಆಯಿತು. ಡ್ರಿಲ್ಲಿನ ಬೆಲೆಗಿಂತ ಎಷ್ಟೋ ಪಟ್ಟು.

ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರವೆಂದರೆ, ಅದು ತಪ್ಪು ಪ್ರಶ್ನೆ. 500 ವಾಟ್ ಆದರೂ 700 ಆದರೂ ಚಿರೆಕಲ್ಲಿಗೆ ವ್ಯತ್ಯಾಸ ತಿಳಿಯುವುದಿಲ್ಲ. ವೇಗ ಹೆಚ್ಚು ಕಡಿಮೆ ಮಾಡಬರುವ, ಸುತ್ತಿಗೆಯನ್ನು ನಿಲ್ಲಿಸಬರುವ, ವೈರ್ ಇರುವ ಯಾವ ಸಾಧಾರಣ ಡ್ರಿಲ್ಲಾದರೂ ಸಾಕು. ಬ್ಯಾಟರಿಯದ್ದು ದಿನಾ ಕೆಲಸ ಮಾಡುವ ಬಡಗಿಗೆ ಸರಿ. ನೀವು ಚೌತಿಗೊಮ್ಮೆ ದೀಪಾವಳಿಗೊಮ್ಮೆ ಹೊರತೆಗೆಯುವವರು. ಚಾರ್ಜ್ ಇಳಿದ ಲಿಥಿಯಂ ಬ್ಯಾಟರಿಯನ್ನು ಮಳೆಗಾಲವಿಡೀ ಹಾಗೆಯೇ ಇಟ್ಟರೆ ಮತ್ತೆ ಏಳದೆಯೂ ಹೋಗಬಹುದು. ರೋಟರಿ ಹ್ಯಾಮರ್ ಬಗ್ಗೆ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಅದರೊಳಗೆ ಪಿಸ್ಟನ್ ಗಾಳಿಯನ್ನು ಒತ್ತಿ ಹೊಡೆಯುತ್ತದೆ, ಕಾಂಕ್ರೀಟ್ ಲಿಂಟಲ್ ಕೊರೆಯಲು ಅದರ ಸಮಕ್ಕೆ ಬೇರೆಯಿಲ್ಲ. ಚಿರೆಕಲ್ಲಿನ ಮೇಲೆ ಅದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ. ಎಂದೋ ಒಮ್ಮೆ ಬೇಕಾದರೆ ಬಾಡಿಗೆಗೆ ತನ್ನಿ. ವಿದೇಶದ ವಿಡಿಯೋ ನೋಡಿ ಗೋಡೆಯೊಳಗಿನ ಮರದ ಚೌಕಟ್ಟು ಹುಡುಕುವ ಉಪಕರಣವನ್ನೂ ನಾನು ತರಿಸಿದ್ದೆ. ಅವರ ಗೋಡೆಯೊಳಗೆ ಮರವಿರುತ್ತದೆ, ಮೇಲೆ ಜಿಪ್ಸಮ್ ಹಲಗೆ. ನಮ್ಮದರಲ್ಲಿ ಏನನ್ನು ಹುಡುಕೀತು ಪಾಪ.

ಹಲಗೆ, ಕನ್ನಡಿ, ಪರದೆಯ ಕೊಳವೆಗಳಂಥ ಹಗುರ ಸಾಮಾನಿಗೆ, ಸ್ಕ್ರೂ ಹಿಡಿಯಲೆಂದು ತೂತಿನೊಳಗೆ ಕೂರಿಸುವ ಪ್ಲಾಸ್ಟಿಕ್ ಗಿಟ್ಟಿ ಸಾಕು. ಆದರೆ 8 ಎಂಎಂ ಗಿಟ್ಟಿಗೆ 8ರ ಬಿಟ್ ಹಾಕಬೇಡಿ, 7ರದ್ದನ್ನೋ 6.5ರದ್ದನ್ನೋ ಹಾಕಿ, ಗಿಟ್ಟಿಯನ್ನು ಸುತ್ತಿಗೆಯಿಂದ ತಟ್ಟಿ ಕೂರಿಸಿ. ಗಿಲಾವಿನ ದಪ್ಪವನ್ನು ಆಳದ ಲೆಕ್ಕಕ್ಕೆ ಹಿಡಿಯಬೇಡಿ. ಗಿಟ್ಟಿ ಪೂರ್ತಿಯಾಗಿ ಕಲ್ಲಿನೊಳಗೆ ಇರಬೇಕು, ಅದಕ್ಕೆ ತಕ್ಕಷ್ಟು ಉದ್ದದ ಸ್ಕ್ರೂ ತನ್ನಿ. ಕಡಲ ಪಕ್ಕದ ಊರು ನಿಮ್ಮದು, ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲಿನದ್ದೇ ಇರಲಿ. ಹಳದಿ ಹೊಳಪಿನವು ಎರಡು ಮಳೆಗಾಲದಲ್ಲಿ ಗೋಡೆಯ ಮೇಲೆ ತುಕ್ಕಿನ ಕಣ್ಣೀರು ಇಳಿಸುತ್ತವೆ. ಬಿಟ್ ಕಚ್ಚಿ ಹಿಡಿಯುವ ಡ್ರಿಲ್ಲಿನ ಚಕ್‌ಗೂ ಕೆಲಸ ಮುಗಿದ ಮೇಲೆ ಎರಡು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಡಿ. ಪುಸ್ತಕ ಹೆಚ್ಚಿದ್ದರೆ ನೆಲದ ಮೇಲೆ ನಿಲ್ಲುವ ಕಪಾಟು ಮಾಡಿಸಿ. ಡ್ರಿಲ್ ಕೊಂಡಿದ್ದೇನೆಂಬ ಒಂದೇ ಕಾರಣಕ್ಕೆ ಎಲ್ಲವನ್ನೂ ಗೋಡೆಗೆ ನೇತುಹಾಕಬೇಕೆಂಬ ಚಪಲವಿದೆಯಲ್ಲ, ಅದು ನನಗೂ ಇತ್ತು.

ಗೀಸರನ್ನು ಮಾತ್ರ ನೀವೇ ಹಾಕುವುದು ಬೇಡ. ಹಾಕಿಯೇ ತೀರುತ್ತೇನೆಂದರೆ ಗೋಡೆಯಾಚೆಗೆ ರಾಡ್ ಹಾಯಿಸಿ; ಅಷ್ಟೂ ಬೋಲ್ಟ್ ಬಿಗಿದ ಮೇಲೆ, ಗೀಸರ್ ಏರಿಸುವ ಮೊದಲು, ನೀರು ತುಂಬಿದ ಗೀಸರಿನಷ್ಟಾದರೂ ತೂಕದ ಸಿಮೆಂಟ್ ಚೀಲ ಅಥವಾ ನೀರಿನ ಕ್ಯಾನ್ ತೂಗುಹಾಕಿ ಎರಡು ದಿನ ಬಿಡಿ. ವೈರಿಂಗಿಗೆ ಎಲೆಕ್ಟ್ರಿಷಿಯನ್ ಬರಲಿ. 2000 ವಾಟ್‌ನ ಗೀಸರ್ ಒಂಬತ್ತು ಆಂಪಿಯರ್ ಹತ್ತಿರ ಎಳೆಯುತ್ತದೆ, ಮೊಬೈಲ್ ಚಾರ್ಜ್ ಮಾಡುವ ಸಾಕೆಟ್ಟಿಗೆ ಅದು ಸಲ್ಲದು, 16 ಆಂಪಿಯರಿನದ್ದು ಬೇಕು. ಮನೆಗೆ, ಕರೆಂಟ್ ಸೋರಿದೊಡನೆ ಲೈನ್ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇಲ್ಲದಿದ್ದರೆ ಡ್ರಿಲ್ಲಿಗೆ ಇಟ್ಟ ಹಣದಲ್ಲಿ ಮೊದಲು ಅದನ್ನು ಹಾಕಿಸಿ. ಆ ಬೆಳಗ್ಗೆ ನಮ್ಮ ಮನೆಯಲ್ಲಿ ಇರಲಿಲ್ಲ.

ಈಗ ಹೊಸ ಗೀಸರ್ ಅದೇ ಗೋಡೆಯಲ್ಲಿದೆ. ಆಯಿ ಮಾತ್ರ ಹಂಡೆಯ ನೀರಿನಲ್ಲೇ ಸ್ನಾನ ಮಾಡುತ್ತಾಳೆ, ಒಲೆ ಹಚ್ಚಿಕೊಡುವ ಕೆಲಸ ನನ್ನದಾಗಿದೆ. ಹೊರಗೋಡೆಯಲ್ಲಿ ಚಾಚಿಕೊಂಡ ರಾಡಿನ ತುದಿಗೆ ಅಪ್ಪ ಕತ್ತಿ ಸಿಕ್ಕಿಸುತ್ತಾರೆ.

ಯಾವುದನ್ನೂ ಕೊಳ್ಳುವ ಮೊದಲು ಪಕ್ಕದ ಮನೆಯವರಿಂದ ಒಂದು ಡ್ರಿಲ್ ಕೇಳಿ ತನ್ನಿ. ಸ್ವಿಚ್ ಬೋರ್ಡಿನ ನೇರಕ್ಕೆ ಮೇಲೆ ಕೆಳಗೆ ವೈರ್ ಹೋಗಿರುತ್ತದೆ, ಅಲ್ಲಿ ಬೇಡ. ಬಾಗಿಲ ಹಿಂದೆ ಯಾರಿಗೂ ಕಾಣದ ಕಡೆ, ಸುತ್ತಿಗೆ ನಿಲ್ಲಿಸಿ, 5 ಎಂಎಂ ಬಿಟ್‌ನಲ್ಲಿ ಎರಡು ಇಂಚು ಕೊರೆಯಿರಿ. ಕೆಳಗೊಂದು ಬಿಳಿ ಕಾಗದ ಹಿಡಿಯಿರಿ. ಬಿದ್ದ ಪುಡಿಯ ಬಣ್ಣ ಯಾವುದೆಂದು ಇಲ್ಲಿ ಬರೆಯಿರಿ, ಮುಂದಿನದನ್ನು ಆಮೇಲೆ ಮಾತಾಡೋಣ.