ಮೈದಾನದ ಪ್ರಶ್ನೋತ್ತರ: ಗುಂಡು ಎಸೆಯುವವನ ಪಾದ ನೋಡಿ

ಅಂತರ ಕಾಲೇಜು ಕ್ರೀಡಾಕೂಟದ ದಿನಗಳು ಹತ್ತಿರವಾಗುತ್ತಿರುವುದರಿಂದ ಈ ಸಲ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಎಸೆತದ ಸ್ಪರ್ಧೆಗಳನ್ನು ಕುರಿತವೇ ಹೆಚ್ಚಾಗಿವೆ. ಓಟಕ್ಕೆ ಸಿಗುವ ಗಮನ ನಮ್ಮ ಕಾಲೇಜುಗಳಲ್ಲಿ ಎಸೆತಕ್ಕೆ ಸಿಗುವುದಿಲ್ಲವೆಂಬ ಕೊರಗು ನನಗೂ ಬಹಳ ವರ್ಷಗಳಿಂದ ಇದೆ. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಆ ಪತ್ರಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಮಾನ್ಯರೇ, ನಾನು ಪದವಿ ಕಾಲೇಜೊಂದರ ದೈಹಿಕ ಶಿಕ್ಷಣ ನಿರ್ದೇಶಕ. ನಮ್ಮಲ್ಲಿ ಎರಡನೇ ವರ್ಷದ ಹುಡುಗನೊಬ್ಬ ಪಿಯುಸಿಯಲ್ಲಿದ್ದಾಗ 6 ಕೆ.ಜಿ. ಗುಂಡನ್ನು ಚೆನ್ನಾಗಿ ಎಸೆಯುತ್ತಿದ್ದ. ಈಗ 7.26 ಕೆ.ಜಿ. ಗುಂಡು ಹನ್ನೊಂದು ಮೀಟರಿನ ಆಸುಪಾಸಿನಲ್ಲೇ ನಿಂತುಬಿಟ್ಟಿದೆ. ಒಂದು ವರ್ಷ ಜಿಮ್‌ಗೆ ಕಳುಹಿಸಿದೆ. ಮಲಗಿ ಭಾರ ಎತ್ತುವ ಬೆಂಚ್ ಪ್ರೆಸ್‌ನಲ್ಲಿ ತೂಕ ಏರಿತು, ದೂರ ಏರಲಿಲ್ಲ. ಇನ್ನೂ ಎತ್ತರಕ್ಕೆ ಎಸೆ ಎಂದು ಹೇಳಿ ಹೇಳಿ ಸಾಕಾಗಿದೆ. ನಮ್ಮ ಮೈದಾನದಲ್ಲಿ ಸಿಮೆಂಟಿನ ವೃತ್ತವೂ ಇಲ್ಲ. ಏನು ಮಾಡಲಿ?
— ದಾವಣಗೆರೆ

ಉತ್ತರ: ನಿಮ್ಮ ಪತ್ರದಲ್ಲಿ ಬೆಂಚ್ ಪ್ರೆಸ್ಸಿನ ಲೆಕ್ಕವಿದೆ, ಗುಂಡು ಬಿದ್ದ ದೂರದ ಲೆಕ್ಕವೂ ಇದೆ, ಆದರೆ ಆ ಹುಡುಗನ ಪಾದಗಳ ಬಗ್ಗೆ ಒಂದು ಮಾತೂ ಇಲ್ಲ. ತರಬೇತಿಯ ಮೊದಲ ಕೆಲವು ವರ್ಷಗಳಲ್ಲಿ ನಾನೂ ಹೀಗೆಯೇ ಕೈಯನ್ನೂ ಗುಂಡನ್ನೂ ನೋಡುತ್ತ ನಿಲ್ಲುತ್ತಿದ್ದೆ, ಅದರಿಂದ ಒಳ್ಳೆಯ ಹುಡುಗರ ಎರಡು ಮೂರು ವರ್ಷ ವ್ಯರ್ಥವಾಯಿತೆಂಬ ನೋವು ನನಗೆ ಇಂದಿಗೂ ಇದೆ. ಅದಕ್ಕಾಗಿಯೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಕೈಬಿಟ್ಟ ಗುಂಡು ಎಷ್ಟು ದೂರ ಹೋಗುತ್ತದೆ ಎಂಬುದನ್ನು ಅದು ಕೈಯಿಂದ ಹೊರಟಾಗಿನ ವೇಗ, ಕೋನ ಮತ್ತು ಎತ್ತರ ಈ ಮೂರೇ ಬಹುಮಟ್ಟಿಗೆ ನಿರ್ಧರಿಸುತ್ತವೆ. ಎರಡು ಮೀಟರ್ ಎತ್ತರದಿಂದ, ಸೆಕೆಂಡಿಗೆ 10 ಮೀಟರ್ ವೇಗದಲ್ಲಿ, 37 ಡಿಗ್ರಿ ಕೋನದಲ್ಲಿ ಹೊರಟ ಗುಂಡು ಸುಮಾರು 12 ಮೀಟರ್ ದೂರ ಬೀಳುತ್ತದೆ ಎಂದು ಲೆಕ್ಕ ಹಾಕಿ ನೋಡಬಹುದು. ವೇಗವನ್ನು ಹಾಗೆಯೇ ಇಟ್ಟು ಕೋನವನ್ನು ಮಾತ್ರ 42 ಡಿಗ್ರಿಗೆ ಏರಿಸಿದರೆ ಸಿಗುವ ಲಾಭ ನಾಲ್ಕೈದು ಸೆಂಟಿಮೀಟರ್. ಕೋನವನ್ನು 37ರಲ್ಲೇ ಬಿಟ್ಟು ವೇಗವನ್ನು 10.5 ಮೀಟರಿಗೆ ಏರಿಸಿದರೆ ಗುಂಡು 13 ಮೀಟರ್ ಮುಟ್ಟುತ್ತದೆ, ಅಂದರೆ ಒಂದು ಮೀಟರ್ ಪೂರ್ತಿ ಲಾಭ. ‘ಎತ್ತರಕ್ಕೆ ಎಸೆ’ ಎಂಬ ಮಾತು ಹುಡುಗನಿಗೆ ಏನನ್ನೂ ಕೊಡುವುದಿಲ್ಲ. ಬದಲಿಗೆ, ಭಾರವನ್ನು ಕಡಿದಾಗಿ ಮೇಲಕ್ಕೆ ತಳ್ಳುವಾಗ ದೇಹ ಅಷ್ಟು ವೇಗ ಹುಟ್ಟಿಸಲಾರದಾದ್ದರಿಂದ, ಇರುವ ವೇಗವನ್ನೂ ಕಸಿದುಕೊಳ್ಳುತ್ತದೆ.

ಹಾಗಾದರೆ ಆ ಅರ್ಧ ಮೀಟರ್ ವೇಗ ಎಲ್ಲಿಂದ ಬರಬೇಕು? ಹೊಲದಲ್ಲಿ ಬಾರುಕೋಲು ಬೀಸುವುದನ್ನು ನೋಡಿ ಬೆಳೆದವರಿಗೆ ಇದನ್ನು ತಿಳಿಸುವುದು ಸುಲಭ. ಹಿಡಿ ನಿಧಾನವಾಗಿ ಚಲಿಸಿ ತಟ್ಟನೆ ನಿಂತಾಗ ಅದರ ವೇಗವೆಲ್ಲ ಬಾರಿನ ತುದಿಗೆ ಹೋಗಿ ಚಟೀರೆಂದು ಸದ್ದಾಗುತ್ತದೆ. ಗುಂಡು ಎಸೆಯುವವನ ದೇಹದಲ್ಲಿ ಹಿಡಿಯ ಜಾಗದಲ್ಲಿರುವುದು ಕಾಲು ಮತ್ತು ಸೊಂಟ, ತುದಿಯ ಜಾಗದಲ್ಲಿರುವುದು ಬೆರಳು. ಬಲಗೈಯವನಾದರೆ ಬಲಪಾದ ನೆಲವನ್ನು ಒತ್ತಿ ತಿರುಗಬೇಕು, ಅದರ ಹಿಂದೆ ಸೊಂಟ, ಆಮೇಲೆ ಎದೆ, ಅಷ್ಟರಲ್ಲಿ ಎಡಗಾಲು ಕಂಬದಂತೆ ಗಟ್ಟಿಯಾಗಿ ನಿಂತು ದೇಹದ ಮುನ್ನುಗ್ಗುವಿಕೆಯನ್ನು ತಡೆಯಬೇಕು, ಎಲ್ಲಕ್ಕಿಂತ ಕೊನೆಗೆ ಕೈ ಬರಬೇಕು. ಬೆಂಚ್ ಪ್ರೆಸ್ಸನ್ನೇ ನಂಬಿದ ಹುಡುಗನಲ್ಲಿ ಈ ಕ್ರಮ ತಲೆಕೆಳಗಾಗಿ ಕೈ ಮೊದಲು ಹೊರಡುತ್ತದೆ.

ಒಂದು ಪರೀಕ್ಷೆ ಮಾಡಿ ನೋಡಿ. ನಿಂತಲ್ಲಿಂದಲೇ ಐದು ಸಲ, ಗ್ಲೈಡ್ ಮಾಡಿ, ಅಂದರೆ ವೃತ್ತದ ಹಿಂಬದಿಯಿಂದ ಹಿಮ್ಮುಖವಾಗಿ ಜಾರಿ ಬಂದು, ಐದು ಸಲ ಎಸೆಯಿಸಿ ಎರಡರ ಸರಾಸರಿಯನ್ನೂ ಹೋಲಿಸಿ. ಗ್ಲೈಡ್ ಸರಿಯಾಗಿ ಬಂದವನಿಗೆ ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಮೀಟರ್ ಹೆಚ್ಚು ಸಿಗುತ್ತದೆ. ನಿಮ್ಮ ಹುಡುಗನಿಗೆ ಅರ್ಧ ಮೀಟರ್ ಮಾತ್ರ ಸಿಕ್ಕರೆ ಕೊರತೆ ಶಕ್ತಿಯದಲ್ಲ, ವೃತ್ತದೊಳಗಿನ ಆ ಒಂದು ಜಾರುಹೆಜ್ಜೆಯದು. ಜಾರಿದ ಮೇಲೆ ಬಲಪಾದ ವೃತ್ತದ ನಡುಭಾಗದಲ್ಲಿ, ದೇಹದ ಭಾರದ ಅಡಿಯಲ್ಲಿ ಬೀಳಬೇಕು; ಭುಜಗಳು ಆಗಲೂ ಹಿಂದಕ್ಕೇ ಮುಖ ಮಾಡಿರಬೇಕು; ಎಡಪಾದ ತಡಮಾಡದೆ ವೃತ್ತದ ಮುಂಭಾಗದ ಅಡ್ಡಹಲಗೆಯಾದ ಸ್ಟಾಪ್ ಬೋರ್ಡಿನ ಬಳಿ ಊರಬೇಕು. ಇದನ್ನು ಕಾಣಲು ಕ್ಯಾಮೆರಾ ಇಲ್ಲದಿದ್ದರೂ ಚಿಂತೆಯಿಲ್ಲ. ಸಡಿಲ ಮಣ್ಣನ್ನು ತೆಳುವಾಗಿ ಹರಡಿ ಅದರ ಮೇಲೆ ಗುಂಡಿಲ್ಲದೆ ಗ್ಲೈಡ್ ಮಾಡಿಸಿದರೆ ಹೆಜ್ಜೆಗುರುತುಗಳೇ ಎಲ್ಲವನ್ನೂ ಹೇಳುತ್ತವೆ. ಬಲಪಾದದ ಗುರುತು ನೇರವಾಗಿ ಹಿಂದಕ್ಕೆ ಮುಖ ಮಾಡಿ ಆಳವಾಗಿ ಅಚ್ಚೊತ್ತಿದ್ದರೆ ಅದು ತಿರುಗದೆ ಸತ್ತು ನಿಂತಿದೆ ಎಂದೇ ಅರ್ಥ.

ಆದರೆ ನಿತ್ಯದ ಅಭ್ಯಾಸಕ್ಕೆ ಮಣ್ಣು ಸಾಲದು. ಗ್ಲೈಡ್ ಎಂಬುದು ಜಾರುವಿಕೆ; ಮಣ್ಣಿನಲ್ಲಿ ಪಾದ ಕಚ್ಚಿಕೊಳ್ಳುವುದರಿಂದ ಹುಡುಗರು ಜಾರುವ ಬದಲು ಕುಪ್ಪಳಿಸಲು ಕಲಿಯುತ್ತಾರೆ. 2.135 ಮೀಟರ್ ವ್ಯಾಸದ ಸಿಮೆಂಟಿನ ವೃತ್ತವೊಂದಕ್ಕಾಗಿ ಪ್ರಾಂಶುಪಾಲರನ್ನು ಕೇಳಿ. ಒಬ್ಬ ಗಾರೆ ಕೆಲಸದವರು ಒಂದು ದಿನದಲ್ಲಿ ಮುಗಿಸುವ ಕೆಲಸ ಅದು. ಮೇಲ್ಮೈ ನುಣುಪಾಗಿರದೆ ಸ್ವಲ್ಪ ತರಿಯಾಗಿರಬೇಕೆಂದು ಮಾತ್ರ ಮೊದಲೇ ಹೇಳಿಬಿಡಿ. ಡಿಸ್ಕಸ್ ಎಸೆಯುವವರೂ ನಿಮ್ಮಲ್ಲಿದ್ದರೆ 2.5 ಮೀಟರ್ ವ್ಯಾಸದ್ದನ್ನು ಕಟ್ಟಿಸಿ, ಅದರೊಳಗೆ ಗುಂಡಿನ ವೃತ್ತವನ್ನು ಬಣ್ಣದಲ್ಲಿ ಬರೆದುಕೊಳ್ಳಿ.

ಜಿಮ್ ನಿಲ್ಲಿಸಬೇಡಿ, ಆದರೆ ಅಲ್ಲಿನ ಕೆಲಸವನ್ನು ಬದಲಿಸಿ. ಸ್ಕ್ವಾಟ್ (ಭಾರ ಹೊತ್ತು ಕುಳಿತೇಳುವುದು) ಮತ್ತು ಕ್ಲೀನ್ (ಭಾರವನ್ನು ನೆಲದಿಂದ ಭುಜಕ್ಕೆ ಒಮ್ಮೆಲೇ ಎತ್ತುವುದು) ಮುಂದಿರಲಿ, ಬೆಂಚ್ ಪ್ರೆಸ್ ಹಿಂದಿರಲಿ. ನಮ್ಮ ದಾವಣಗೆರೆಯ ಗರಡಿ ಮನೆಗಳಲ್ಲಿ ಪೈಲ್ವಾನರು ಬಸ್ಕಿಗೆ ಕೊಡುವ ಮರ್ಯಾದೆಯನ್ನು ಎಸೆತಗಾರರೂ ಕೊಡಬೇಕೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಎಸೆತ ವಾರಕ್ಕೆ ಮೂರು ದಿನ, ದಿನಕ್ಕೆ ಇಪ್ಪತ್ತೈದು ಮೂವತ್ತು ಸಾಕು. ಅದರಲ್ಲಿ ಅರ್ಧದಷ್ಟನ್ನು ಅವನ ಹಳೆಯ 6 ಕೆ.ಜಿ. ಗುಂಡಿನಲ್ಲೇ ಮಾಡಿಸಿ, ಏಕೆಂದರೆ ಹಗುರ ಗುಂಡಿನಲ್ಲಿ ಕಾಲಿನ ವೇಗ ಮರಳಿ ಬರುತ್ತದೆ. ಪ್ರತಿದಿನ ಟೇಪು ಹಿಡಿಯಬೇಡಿ. ಟೇಪು ಕಂಡೊಡನೆ ಹುಡುಗರು ಕಲಿಯುವುದನ್ನು ಬಿಟ್ಟು ಕೈಯಿಂದ ನೂಕಲು ತೊಡಗುತ್ತಾರೆ. ಹದಿನೈದು ದಿನಕ್ಕೊಮ್ಮೆ ಅಳೆದರೆ ಸಾಕು. ವಿಶ್ವವಿದ್ಯಾಲಯದ ಕೂಟದ ದಿನಾಂಕ ಗೊತ್ತಾದ ಕೂಡಲೇ ಅಲ್ಲಿಂದ ಹಿಂದಕ್ಕೆ ವಾರಗಳನ್ನು ಎಣಿಸಿ, ಸೆಮಿಸ್ಟರ್ ಪರೀಕ್ಷೆಯ ವಾರಗಳನ್ನು ಮೊದಲೇ ಬಿಟ್ಟು ಯೋಜನೆ ಹಾಕಿ. ಕೊನೆಯ ಎರಡು ವಾರಗಳಲ್ಲಿ ಎಸೆತಗಳ ಸಂಖ್ಯೆಯನ್ನು ಅರ್ಧಕ್ಕಿಳಿಸಿ.

ಸ್ಪಿನ್, ಅಂದರೆ ವೃತ್ತದೊಳಗೆ ಗಿರ್ರನೆ ಸುತ್ತಿ ಎಸೆಯುವುದನ್ನು, ಕಲಿಸಬೇಕೇ ಎಂದು ಇನ್ನಿಬ್ಬರು ಕೇಳಿದ್ದಾರೆ. ಗ್ಲೈಡ್ ಶೈಲಿಯನ್ನು ಬೆಳೆಸಿದ ಅಮೆರಿಕದ ಪ್ಯಾರಿ ಓಬ್ರಿಯನ್ ಅದರಿಂದಲೇ 1952 ಮತ್ತು 1956ರ ಒಲಿಂಪಿಕ್ಸ್ ಚಿನ್ನ ಗೆದ್ದರು. ಸೋವಿಯತ್ ಒಕ್ಕೂಟದ ಅಲೆಕ್ಸಾಂಡರ್ ಬರಿಷ್ನಿಕೋವ್ 1976ರಲ್ಲಿ ಸ್ಪಿನ್ ಮಾಡಿ 22 ಮೀಟರ್ ಎಸೆದು ವಿಶ್ವದಾಖಲೆ ಬರೆದರು. 2023ರಲ್ಲಿ ಅಮೆರಿಕದ ರಯಾನ್ ಕ್ರೌಸರ್ 23.56 ಮೀಟರ್ ಎಸೆದದ್ದೂ ಸ್ಪಿನ್‌ನಲ್ಲೇ. ಆದರೂ ಮೂರು ವರ್ಷದ ಪದವಿಯಲ್ಲಿ ಒಂದೂವರೆ ವರ್ಷ ಈಗಾಗಲೇ ಕಳೆದಿರುವ, ಸಿಮೆಂಟಿನ ವೃತ್ತವನ್ನೇ ಕಾಣದ ಹುಡುಗನಿಗೆ ನಾನು ಗ್ಲೈಡನ್ನೇ ಕಲಿಸುತ್ತೇನೆ.

ಪ್ರಶ್ನೆ: ಸರ್, ನಾನು ಬಿ.ಕಾಂ. ವಿದ್ಯಾರ್ಥಿನಿ. ಡಿಸ್ಕಸ್ ಎಸೆಯುತ್ತೇನೆ. ಕೈಬಿಟ್ಟ ಮೇಲೆ ಅದು ಓಲಾಡುತ್ತ ಹೋಗಿ ಬೇಗ ಬಿದ್ದುಬಿಡುತ್ತದೆ. ತೂಕ ಎತ್ತಿದರೆ ಹೆಣ್ಣುಮಕ್ಕಳ ದೇಹ ಕೆಡುತ್ತದೆ ಎಂದು ಮನೆಯಲ್ಲಿ ಅಪ್ಪಾಜಿ ಜಿಮ್‌ಗೆ ಬಿಡುತ್ತಿಲ್ಲ.
— ಹೊಳಲ್ಕೆರೆ

ಉತ್ತರ: ಓಲಾಟಕ್ಕೆ ಕಾರಣ ಬಹುಮಟ್ಟಿಗೆ ಹಿಡಿತ. ಡಿಸ್ಕಸ್ಸನ್ನು ತಟ್ಟೆಯಂತೆ ಅಂಗೈಯಲ್ಲಿ ಬಿಗಿಹಿಡಿಯಬಾರದು. ಬೆರಳುಗಳ ಕೊನೆಯ ಗೆಣ್ಣು ಮಾತ್ರ ಅಂಚಿಗೆ ಕೊಕ್ಕೆಯಂತೆ ತಾಗಿರಬೇಕು, ಅದು ಕೊನೆಗೆ ತೋರುಬೆರಳನ್ನು ಸವರಿಕೊಂಡು ಹೊರಡಬೇಕು. ಹಾಗೆ ಹೊರಟರೆ ಬಲಗೈಯವರ ಡಿಸ್ಕಸ್ ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳಿನಂತೆ ಸುತ್ತುತ್ತ ಬುಗುರಿಯ ಹಾಗೆ ಸ್ಥಿರವಾಗಿರುತ್ತದೆ. ಹತ್ತು ದಿನ ಎಸೆಯುವುದನ್ನು ಬಿಟ್ಟು, ಡಿಸ್ಕಸ್ಸನ್ನು ನೆಲದ ಮೇಲೆ ಗಾಲಿಯಂತೆ ಗೆಳತಿಯ ಕಡೆಗೆ ಉರುಳಿಸಿ ಆಡಿ. ಅದು ವಾಲದೆ ನೇರವಾಗಿ ಹದಿನೈದು ಮೀಟರ್ ಉರುಳುವ ದಿನ ನಿಮ್ಮ ಬೆರಳು ಪಾಠ ಕಲಿತಿದೆ ಎಂದುಕೊಳ್ಳಿ. ಆಮೇಲೆ ಜೋಳದ ಹೊಲದಲ್ಲಿ ಹಕ್ಕಿ ಓಡಿಸಲು ಕವಣೆ ಬೀಸುವವರನ್ನು ನೆನೆಯಿರಿ: ತೋಳು ಉದ್ದವಾಗಿ ಚಾಚಿ ಹಿಂದೆಯೇ ಉಳಿದಿರುತ್ತದೆ, ದೇಹ ಮೊದಲು ತಿರುಗುತ್ತದೆ.

ಗಾಳಿಯನ್ನೂ ಗಮನಿಸಿ. ಗುಂಡಿಗೆ ಗಾಳಿಯ ಪರಿವೆಯಿಲ್ಲ, ಡಿಸ್ಕಸ್ಸಿಗೆ ಎದುರುಗಾಳಿ ರೆಕ್ಕೆ ಕೊಡುತ್ತದೆ. 2025ರ ಏಪ್ರಿಲ್‌ನಲ್ಲಿ ಲಿಥುವೇನಿಯದ ಮೈಕೋಲಾಸ್ ಅಲೆಕ್ನಾ 75.56 ಮೀಟರಿನ ವಿಶ್ವದಾಖಲೆ ಬರೆದದ್ದು ಅಮೆರಿಕದ ಒಕ್ಲಹೋಮದ ರಮೋನಾ ಎಂಬ ಗಾಳಿಯ ಊರಿನಲ್ಲಿ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುವುದನ್ನು ದಿನವೂ ಕಾಣುವ ನಿಮಗೆ ಗಾಳಿಗೇನೂ ಬರವಿಲ್ಲ; ಅದು ಎದುರಿನಿಂದ ಬೀಸುವ ಹೊತ್ತಿನಲ್ಲಿ ಡಿಸ್ಕಸ್ಸಿನ ಮುಂಭಾಗವನ್ನು ಸ್ವಲ್ಪ ತಗ್ಗಿಸಿ ಬಿಡುವುದನ್ನು ಅಭ್ಯಾಸ ಮಾಡಿ.

ನಿಮ್ಮ ತಂದೆಯವರಿಗೆ ಈ ಪುಟವನ್ನೇ ತೋರಿಸಿ. ಸರಿಯಾದ ಮಾರ್ಗದರ್ಶನದಲ್ಲಿ ಹಗುರ ತೂಕದಿಂದ ಆರಂಭಿಸಿ ಹಂತ ಹಂತವಾಗಿ ಏರಿಸುವ ಅಭ್ಯಾಸದಿಂದ ಹೆಣ್ಣುಮಕ್ಕಳ ಎಲುಬು ಮತ್ತು ಕೀಲು ಗಟ್ಟಿಯಾಗುತ್ತವೆಯೇ ಹೊರತು ಕೆಡುವುದಿಲ್ಲ. 2010ರ ದೆಹಲಿ ಕಾಮನ್‌ವೆಲ್ತ್ ಕೂಟದ ಮಹಿಳೆಯರ ಡಿಸ್ಕಸ್‌ನಲ್ಲಿ ಚಿನ್ನ, ಬೆಳ್ಳಿ, ಕಂಚು ಮೂರೂ ಭಾರತದ ಪಾಲಾದವು. ಚಿನ್ನ ಗೆದ್ದ ಕೃಷ್ಣಾ ಪೂನಿಯಾ ಆಗ ಒಂದು ಮಗುವಿನ ತಾಯಿಯಾಗಿದ್ದರು. ಕೈಯಲ್ಲಿ ಹಿಡಿಯುವ 1 ಕೆ.ಜಿ. ಡಿಸ್ಕಸ್ಸಿಗಿಂತ ಅಡುಗೆಮನೆಯಲ್ಲಿ ಎತ್ತುವ ಕೊಡ ಎಷ್ಟೋ ಭಾರ ಎಂಬುದೂ ಅಪ್ಪಾಜಿಯವರ ಗಮನಕ್ಕೆ ಬರಲಿ.

ಪ್ರಶ್ನೆ: ನನ್ನ ಮಗ ತಂತಿಗೆ ಕಟ್ಟಿದ ಗುಂಡನ್ನು ಬೀಸಿ ಎಸೆಯುವ ಹ್ಯಾಮರ್ ಎಸೆತಗಾರ. ಜಿಮ್‌ನವರು ಸಾವಿರಾರು ರೂಪಾಯಿಯ ಪುಡಿಯ ಡಬ್ಬ ತೆಗೆದುಕೊಳ್ಳಲು ಹೇಳುತ್ತಿದ್ದಾರೆ. ಅಗತ್ಯವೇ?
— ಚಳ್ಳಕೆರೆ

ಉತ್ತರ: ಇಲ್ಲ. ಹಾಲು, ಮೊಸರು, ಮೊಟ್ಟೆ, ಮೊಳಕೆ ಹೆಸರುಕಾಳು, ಬೇಳೆಸಾರು, ಜೋಳದ ರೊಟ್ಟಿ ಅಥವಾ ರಾಗಿ ಮುದ್ದೆ, ನಿಮ್ಮ ಸೀಮೆಯಲ್ಲೇ ಬೆಳೆಯುವ ಶೇಂಗಾ ಇವನ್ನು ಹೊಟ್ಟೆ ತುಂಬ ಕೊಡಿ. ಮಾಂಸಾಹಾರಿಗಳಾದರೆ ವಾರದಲ್ಲಿ ಕೆಲವು ದಿನ ಕೋಳಿ ಅಥವಾ ಮೀನು. ಡಬ್ಬದ ಬಗ್ಗೆ ನನ್ನ ಭಯ ಹಣಕ್ಕಿಂತ ಹೆಚ್ಚಿನದು. ಲೇಬಲ್‌ನಲ್ಲಿ ಬರೆಯದ ನಿಷೇಧಿತ ವಸ್ತು ಕೆಲವು ಪುಡಿಗಳಲ್ಲಿ ಸೇರಿರುತ್ತದೆ. ಪರೀಕ್ಷೆಯಲ್ಲಿ ಅದು ಪತ್ತೆಯಾದರೆ ‘ನನಗೆ ಗೊತ್ತಿರಲಿಲ್ಲ’ ಎಂದು ಹೇಳಿ ಪಾರಾಗಲಾಗದು, ಏಕೆಂದರೆ ದೇಹದೊಳಗೆ ಹೋದದ್ದಕ್ಕೆಲ್ಲ ಕ್ರೀಡಾಪಟುವೇ ಹೊಣೆ ಎಂಬುದು ಉದ್ದೀಪನ ಮದ್ದು ತಡೆ ನಿಯಮಗಳ ತಳಹದಿ. ನಿಷೇಧ ನಾಲ್ಕು ವರ್ಷದವರೆಗೂ ಇರಬಹುದು. ಅಷ್ಟರಲ್ಲಿ ಕಾಲೇಜಿನ ಬದುಕೇ ಮುಗಿದಿರುತ್ತದೆ.

ಪ್ರಶ್ನೆ: ಸರ್, ಜಾವೆಲಿನ್ ಎಸೆದ ಮಾರನೆಯ ದಿನ ಬಲ ಮೊಳಕೈಯ ಒಳಭಾಗ ನೋಯುತ್ತದೆ. ನೋವಿನ ಮುಲಾಮು ಹಚ್ಚಿ ಎಸೆಯುತ್ತಿದ್ದೇನೆ. ಕೂಟಕ್ಕೆ ಒಂದೇ ತಿಂಗಳಿದೆ.
— ಹಿರಿಯೂರು

ಉತ್ತರ: ಇಂದೇ ನಿಲ್ಲಿಸಿ, ಮೂಳೆ ತಜ್ಞರಿಗೆ ತೋರಿಸಿ. ಮೊಳಕೈ ಒಳಭಾಗದ ಲಿಗಮೆಂಟ್ (ಮೂಳೆಗಳನ್ನು ಬಂಧಿಸುವ ನಾರು) ಮೇಲೆ ಜಾವೆಲಿನ್ ಎಸೆತದಷ್ಟು ಎಳೆತ ಹಾಕುವ ಕ್ರೀಡೆಗಳು ಕಡಿಮೆ. ನೀರಜ್ ಚೋಪ್ರಾ ಅವರೇ 2019ರಲ್ಲಿ ಮೊಳಕೈ ಶಸ್ತ್ರಚಿಕಿತ್ಸೆಗೆ ಒಳಗಾಗಿ ಆ ಋತುವಿನ ಬಹುಪಾಲನ್ನು ಬಿಟ್ಟುಕೊಟ್ಟರು. 2020ರ ಜನವರಿಯಲ್ಲಿ ಮರಳಿ ಬಂದು 87.86 ಮೀಟರ್ ಎಸೆದು ಒಲಿಂಪಿಕ್ಸ್ ಅರ್ಹತೆ ಪಡೆದರು, ಮರುವರ್ಷ ಟೋಕಿಯೊದಲ್ಲಿ 87.58 ಮೀಟರ್ ಎಸೆದು ಚಿನ್ನ ಗೆದ್ದರು. ಒಂದು ಕೂಟ ತಪ್ಪಿದರೆ ಏನೂ ಕಳೆದುಹೋಗದು.

ವೈದ್ಯರು ಒಪ್ಪಿದ ಮೇಲೆ ಕಾರಣವನ್ನು ಹುಡುಕಿ. ಮೊಳಕೈ ಭುಜಕ್ಕಿಂತ ಕೆಳಗಿಳಿದು, ಮಾವಿನಕಾಯಿಗೆ ಪಕ್ಕದಿಂದ ಕಲ್ಲು ಬೀಸುವಂತೆ ಕೈ ಬೀಸುತ್ತಿದ್ದರೆ ನೋವು ಬಂದೇ ಬರುತ್ತದೆ. ಎಡಗಾಲು ಮಡಚಿಕೊಂಡು ದೇಹವನ್ನು ತಡೆಯದಿದ್ದಾಗಲೂ ಆ ಕೊರತೆಯನ್ನು ತುಂಬಲು ಕೈ ಒದ್ದಾಡುತ್ತದೆ. ಹಗುರ ರಬ್ಬರ್ ಚೆಂಡಿನಿಂದ ತಲೆಯ ಮೇಲಿನ ಎಸೆತವನ್ನು, ಆಮೇಲೆ ಮೂರು ಕ್ರಾಸ್ ಸ್ಟೆಪ್ (ಕಾಲ ಮುಂದೆ ಕಾಲು ದಾಟಿಸುವ ಅಡ್ಡಹೆಜ್ಜೆ) ಹಾಕಿ ಅರ್ಧ ಬಲದಲ್ಲಿ ಜಾವೆಲಿನ್ನನ್ನು ಎಸೆಯುತ್ತ ಬನ್ನಿ. ಪೂರ್ತಿ ಓಟ ತೆಗೆದು ಪೂರ್ತಿ ಬಲದಿಂದ ಎಸೆಯುವುದು ವಾರಕ್ಕೆ ಒಂದೇ ದಿನ ಇರಲಿ.

ಪ್ರಶ್ನೆ: ನಮ್ಮ ಮೈದಾನದಲ್ಲಿ ಬೆಳಿಗ್ಗೆ ವಾಕಿಂಗ್‌ನವರು, ಸಂಜೆ ಕ್ರಿಕೆಟ್‌ನವರು. ಎಸೆತ ಕಲಿಸುವುದು ಹೇಗೆ?
— ಹರಿಹರ

ಉತ್ತರ: ಬಲೆಯ ಪಂಜರವಿಲ್ಲದ ಸಾರ್ವಜನಿಕ ಮೈದಾನದಲ್ಲಿ ಹ್ಯಾಮರನ್ನು ಮುಟ್ಟಲೇಬೇಡಿ. ಡಿಸ್ಕಸ್ ಮತ್ತು ಜಾವೆಲಿನ್ನಿಗೆ ಮಧ್ಯಾಹ್ನ ಮೂರರ ಸುಮಾರಿಗೆ ಒಂದು ಗಂಟೆಯಾದರೂ ಮೈದಾನ ಬರಿದಾಗಿ ಸಿಗುವಂತೆ ಕ್ರಿಕೆಟ್ ಹುಡುಗರೊಂದಿಗೆ ಮಾತಾಡಿಕೊಳ್ಳಿ. ಎಸೆತ ಬೀಳಬೇಕಾದ ಜಾಗದ ಎರಡು ಬದಿಯ ಗಡಿಯಾದ ಸೆಕ್ಟರ್ ಗೆರೆಗಳನ್ನು ಸುಣ್ಣದಲ್ಲಿ ಎಳೆಯಿರಿ: ಡಿಸ್ಕಸ್‌ಗೆ ವೃತ್ತದ ಕೇಂದ್ರದಿಂದ 20 ಮೀಟರ್ ದೂರದಲ್ಲಿ ಎರಡು ಗೆರೆಗಳ ನಡುವೆ 12 ಮೀಟರ್, ಜಾವೆಲಿನ್‌ಗೆ ಓಟದ ದಾರಿಯ ಕೊನೆಯ ಕಮಾನುಗೆರೆ ಯಾವ ವೃತ್ತದ ಭಾಗವೋ ಅದರ ಕೇಂದ್ರದಿಂದ ಅಷ್ಟೇ ದೂರದಲ್ಲಿ 10 ಮೀಟರ್ ಅಂತರವಿದ್ದರೆ ಕೋನ ತಾನಾಗಿ ಸರಿಹೋಗುತ್ತದೆ. ಹೊಸಬರ ಎಸೆತ ಗೆರೆಯ ಹೊರಗೇ ಹೆಚ್ಚು ಹೋಗುವುದರಿಂದ ಎರಡೂ ಬದಿಯಲ್ಲಿ ಯಾರೂ ನಿಲ್ಲದಂತೆ ಹಗ್ಗ ಕಟ್ಟಿ. ಎಲ್ಲರೂ ಎಸೆದು ಮುಗಿಸಿದ ಮೇಲೆ ನೀವು ಸೀಟಿ ಊದಬೇಕು, ಆಗ ಎಲ್ಲರೂ ಒಟ್ಟಿಗೆ ನಡೆದು ಹೋಗಿ ಆರಿಸಿ ತರಬೇಕು. ಒಬ್ಬ ತರುತ್ತಿರುವಾಗ ಇನ್ನೊಬ್ಬ ಎಸೆಯುವ ಅಭ್ಯಾಸವನ್ನು ಒಂದು ಸಲವೂ ಸಹಿಸಬೇಡಿ. ನೆಲಕ್ಕೆ ನಾಟಿದ ಜಾವೆಲಿನ್ನಿನ ಬಾಲದ ಕಡೆಗೆ ಯಾರೂ ಓಡಿ ಹೋಗಕೂಡದು. ಮಳೆ ಬಿದ್ದ ದಿನ ಒದ್ದೆ ಡಿಸ್ಕಸ್ ಕೈ ಜಾರುತ್ತದೆ, ಆದ್ದರಿಂದ ವೃತ್ತದ ಪಕ್ಕದಲ್ಲಿ ಒಣಗಿದ ಟವೆಲ್ ಒಂದು ಸದಾ ಇರಲಿ.